ಗೀಳು ಮೌಢ್ಯವಲ್ಲ, ಪಾಪವೂ ಅಲ್ಲ



ಕುಂದಾಪುರದ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಎರಡು ಮೂರು ದಿನ ಜಗಲಿಯ ಹಗ್ಗದ ಮೇಲೆ ನೇತಾಡಿದರೂ ಸೀರೆಯ ಅಂಚಿನಲ್ಲಿ ತೇವ ಉಳಿದೇ ಇರುತ್ತದೆ. ಸುಮಾರು ಹತ್ತು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ನಮ್ಮ ಮನೆಯ ಜಗಲಿ, ನಡುಮನೆ, ಕೊನೆಗೆ ನನ್ನ ಓದುವ ಕೋಣೆಯೂ ಒದ್ದೆ ಬಟ್ಟೆಗಳಿಂದ ತುಂಬಿಹೋಗಿತ್ತು. ನನ್ನ ತಂಗಿ ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು. ಹಗ್ಗದ ಮೇಲಿದ್ದ ಸೀರೆಗೆ ಯಾರದೋ ಕೈ ತಗುಲಿರಬಹುದು ಎಂಬ ಸಂದೇಹ ಬಂದರೆ ಅದು ಮತ್ತೆ ಬಚ್ಚಲಿಗೆ ಹೋಗುತ್ತಿತ್ತು. ಅವಳ ಕೈಬೆರಳುಗಳ ಸಂದು ಒಡೆದು ರಕ್ತ ಜಿನುಗುತ್ತಿತ್ತು. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ನನ್ನೊಡನೆ ಮೆಚ್ಚುಗೆಯಿಂದಲೇ ಹೇಳಿದ್ದರು, "ನಿಮ್ಮ ತಂಗಿ ಭಾರಿ ಚೊಕ್ಕ ಹೆಂಗ್ಸ್ ಮರಾಯ್ರೆ" ಎಂದು.

ನಾನು ಮೂಲತಃ ದಾವಣಗೆರೆ ಕಡೆಯವನು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರನಾಗಿ ಬಂದು, ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತಮುತ್ತ ರಸ್ತೆ, ಮೋರಿ, ಕಾಲುಸಂಕಗಳ ಕೆಲಸದಲ್ಲೇ ಸೇವೆಯ ಬಹುಭಾಗ ಕಳೆದು, ನಿವೃತ್ತಿಯ ನಂತರ ಇಲ್ಲೇ ನೆಲೆಸಿದ್ದೇನೆ. ಗಂಡ ತೀರಿಕೊಂಡ ಮೇಲೆ ತಂಗಿ ನಮ್ಮ ಮನೆಗೆ ಬಂದಳು. ಇಲ್ಲಿ ಬರೆಯುತ್ತಿರುವುದಕ್ಕೆ ಅವಳ ಒಪ್ಪಿಗೆ ಇದೆ. ಅಷ್ಟೇ ಅಲ್ಲ, "ಬರಿ ಅಣ್ಣಾ, ನನ್ನಂಥವರು ಎಷ್ಟು ಮಂದಿ ಬಚ್ಚಲಾಗೆ ಕುಂತು ಅಳ್ತಿದಾರೋ" ಎಂದವಳೂ ಅವಳೇ.

ಗೀಳು ಎನ್ನುವುದನ್ನು ಕುರಿತು ನಮ್ಮ ಸಮಾಜದಲ್ಲಿ, ಅದರಲ್ಲೂ ವೈಚಾರಿಕರು ಎಂದುಕೊಂಡಿರುವ ನಮ್ಮಂಥವರಲ್ಲಿ ಇರುವ ಒಂದು ತಪ್ಪು ಗ್ರಹಿಕೆಯನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ. ಆ ತಪ್ಪನ್ನು ಮೊದಲು ಮಾಡಿದವನು ನಾನೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ವಾದ ಸೋತ ಕಥೆ

ತಂಗಿಯ ತೊಳೆಯುವಿಕೆಯನ್ನು ಕಂಡು ನನಗೆ ಮೊದಲು ಬಂದದ್ದು ಸಿಟ್ಟು. ನಾವು ಲಿಂಗಾಯತರು. ಜಾತಿ, ಜನನ, ಮರಣ, ಮುಟ್ಟು, ಎಂಜಲು ಎಂಬ ಐದು ಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ತಳ್ಳಿಹಾಕಿದರು. ಲಿಂಗ ಧರಿಸಿದವರಿಗೆ ಮಡಿ ಮೈಲಿಗೆಯ ಹಂಗಿಲ್ಲ ಎಂಬುದನ್ನು ಮನೆಯಲ್ಲಿ ಕೇಳಿಕೊಂಡೇ ನಾವಿಬ್ಬರೂ ಬೆಳೆದವರು. ಇಂಥ ಮನೆಯ ಹೆಣ್ಣುಮಗಳು, ಬೀದಿಯಲ್ಲಿ ಹೋದವರ ನೆರಳು ತಗುಲಿತೆಂದು ಸೀರೆ ಒಗೆಯುವುದೇ? ಕರಾವಳಿಯ ಮಡಿ ಇವಳಿಗೆ ಅಂಟಿಕೊಂಡಿದೆ ಎಂದು ತೀರ್ಮಾನಿಸಿದೆ. ಪ್ರತಿದಿನ ಊಟದ ಹೊತ್ತಿನಲ್ಲಿ ಪಂಚಸೂತಕದ ಬಗ್ಗೆ ಉಪನ್ಯಾಸ ಶುರುವಿಟ್ಟೆ. ಪುಸ್ತಕ ತಂದುಕೊಟ್ಟೆ. ಒಂದು ದಿನ ದನಿ ಏರಿಸಿಯೂ ಮಾತಾಡಿದೆ.

ಅವಳು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ ಹೇಳಿದ್ದು ಒಂದೇ ಮಾತು: "ಅಣ್ಣಾ, ನೀ ಹೇಳೋದೆಲ್ಲ ನನಗೂ ಗೊತ್ತದ. ಇದು ಅರ್ಥ ಇಲ್ಲದ್ದು ಅಂತಾನೂ ಗೊತ್ತದ. ಗೊತ್ತಿದ್ದೂ ಬಿಡಾಕ ಆಗ್ತಿಲ್ಲ."

ಆ ಮಾತಿನ ತೂಕ ನನಗೆ ಅಂದು ತಿಳಿಯಲಿಲ್ಲ. ಮೌಢ್ಯದಲ್ಲಿರುವವನು ತಾನು ಮಾಡುತ್ತಿರುವುದು ಸರಿ ಎಂದು ನಂಬಿರುತ್ತಾನೆ. ಆ ನಂಬಿಕೆಯನ್ನು ವಾದದಿಂದ, ಶಿಕ್ಷಣದಿಂದ ಅಲ್ಲಾಡಿಸಬಹುದು. ಅಂಥ ಅನೇಕ ನಂಬಿಕೆಗಳನ್ನು ನಮ್ಮ ಚಳವಳಿ ಅಲ್ಲಾಡಿಸಿದೆ ಕೂಡ. ನನ್ನ ತಂಗಿಯಲ್ಲಿ ಅಂಥ ನಂಬಿಕೆಯೇ ಇರಲಿಲ್ಲ. ಅಲ್ಲಾಡಿಸಲು ಏನೂ ಇಲ್ಲದ ಕಡೆ ನಾನು ಹಾರೆ ಹಾಕುತ್ತಿದ್ದೆ.

ಇನ್ನೊಂದು ಸಂಗತಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ವಾದ ಸೋತ ಮೇಲೆ, ವೇದಿಕೆ ಹತ್ತಿ ಮೌಢ್ಯದ ವಿರುದ್ಧ ಮಾತಾಡುವ ನಾನೇ, ಹೆಂಡತಿಯ ಒತ್ತಾಯ ಎಂದು ನೆಪ ಹೇಳಿಕೊಂಡು, ಒಂದು ರಾತ್ರಿ ತಂಗಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬೈಂದೂರು ಕಡೆಯ ಒಬ್ಬರ ಬಳಿ ಪ್ರಶ್ನೆ ಇಡಿಸಲು ಹೋದೆ. ಯಾರಿಗೂ ಕಾಣದಿರಲಿ ಎಂದೇ ರಾತ್ರಿ ಹೊರಟದ್ದು. ಅವರು ಸತ್ತವರ ದೋಷ ಎಂದರು, ಒಂದು ತಾಯಿತ ಕೊಟ್ಟರು. ಮನೆಗೆ ಬಂದ ತಂಗಿ ಆ ತಾಯಿತವನ್ನು ಸೋಪು ಹಾಕಿ ತೊಳೆದಳು. ವಿಚಾರವಂತನೊಬ್ಬ ದಿಕ್ಕು ಕಾಣದೆ ಕಂಗಾಲಾದಾಗ ಎಲ್ಲಿಗೆ ಹೋಗುತ್ತಾನೆ ಎಂಬುದಕ್ಕೆ ನಾನೇ ಉದಾಹರಣೆ. ನನಗೆ ವೈದ್ಯರ ದಾರಿ ಯಾರೂ ಹೇಳಿರಲಿಲ್ಲ. ಓದಿದವನಾದರೂ ನಾನಾಗಿ ಹುಡುಕಿರಲೂ ಇಲ್ಲ.

ಅವಳ ಸಂಕಟದ ಇನ್ನೊಂದು ಭಾಗ ನಮಗೆ ತಿಳಿದದ್ದು ಬಹಳ ತಡವಾಗಿ. ಇಷ್ಟಲಿಂಗ ಪೂಜೆಗೆ ಕೂತರೆ ಮೂರು ಗಂಟೆ ಹಿಡಿಯುತ್ತಿತ್ತು. ವಿಭೂತಿ ಸರಿಯಾಗಿ ಹಚ್ಚಿಕೊಂಡೆನೋ ಇಲ್ಲವೋ, ಮಂತ್ರದಲ್ಲಿ ಒಂದು ಅಕ್ಷರ ಜಾರಿತೋ ಏನೋ ಎಂದು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದಳು. ನೆಂಟರು ಇದನ್ನು ಭಕ್ತಿ ಎಂದು ಹೊಗಳಿದರು. ಆಮೇಲೆ ಅಂಗೈಯಲ್ಲಿ ಲಿಂಗವಿರುವಾಗಲೇ ಅವಳ ಮನಸ್ಸಿನಲ್ಲಿ ಹೊಲಸು ಮಾತುಗಳು ತಾವಾಗಿ ಏಳತೊಡಗಿದವು. ಬಾಯಲ್ಲಿ ಎಂದೂ ಕೆಟ್ಟ ಮಾತಾಡದವಳು ಅವಳು. ತನ್ನಂಥ ಪಾಪಿ ಇಲ್ಲವೆಂದುಕೊಂಡು ಕರಡಿಗೆ ತೆರೆಯುವುದನ್ನೇ ಬಿಟ್ಟಳು. ಸಾಯುವ ಯೋಚನೆಯೂ ಬಂದಿತ್ತೆಂದು ಆಮೇಲೆ ವೈದ್ಯರ ಮುಂದೆ ಹೇಳಿದಳು. ಒಂದೇ ಸೂರಿನಡಿ ಇದ್ದ ನಾವು ಅಷ್ಟೂ ದಿನ ಬಟ್ಟೆಯ ಲೆಕ್ಕ, ಸೋಪಿನ ಲೆಕ್ಕ ಹಾಕುತ್ತಿದ್ದೆವು.

ತುಂಬಿದರೂ ನಿಲ್ಲದ ಪಂಪು

ಕೊನೆಗೆ ಅವಳ ಕೈಯ ಚರ್ಮ ನೋಡಿದ ವೈದ್ಯರೊಬ್ಬರು ಮುಲಾಮು ಬರೆಯುವ ಬದಲು ಮನೋವೈದ್ಯರ ಬಳಿ ಕಳಿಸಿದರು. ಆ ಮನೋವೈದ್ಯರು ಅರ್ಧ ಗಂಟೆ ಕೇಳಿ, ಇದಕ್ಕೆ ಗೀಳು ಮನೋರೋಗ ಎಂದು ಹೆಸರಿದೆ, ಇಂಗ್ಲಿಷಿನಲ್ಲಿ ಓಸಿಡಿ ಎನ್ನುತ್ತಾರೆ, ಚಿಕಿತ್ಸೆ ಇದೆ ಎಂದರು. ಬೇಡವೆಂದರೂ ನುಗ್ಗಿಬರುವ ಯೋಚನೆ ಒಂದು, ಆ ಯೋಚನೆ ತಂದ ತಳಮಳ ತಗ್ಗಿಸಲು ಮತ್ತೆ ಮತ್ತೆ ಮಾಡುವ ಕ್ರಿಯೆ ಇನ್ನೊಂದು. ಎರಡೂ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ತಿನ್ನುತ್ತಿದ್ದರೆ ಅಥವಾ ಬದುಕನ್ನು ಕೆಡಿಸುತ್ತಿದ್ದರೆ ಅದು ರೋಗ. ಮೇಜಿನ ಮೇಲಿನ ಪೆನ್ನು ಸರಿಯಾಗಿಟ್ಟು "ನನಗೆ ಓಸಿಡಿ" ಎಂದು ನಗುವವರಿಗೆ ಆ ರೋಗವಿಲ್ಲ.

ನಾನು ಎಂಜಿನಿಯರ್ ಆದ್ದರಿಂದ ನನಗೆ ತಿಳಿದ ಭಾಷೆಯಲ್ಲಿ ಹೇಳುತ್ತೇನೆ. ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿರುತ್ತೇವೆ. ನೀರು ಮೇಲೆ ಬಂದಾಗ ಅದು ಎದ್ದು, ಸಾಕು ಎಂದು ಪಂಪಿಗೆ ತಿಳಿಸುತ್ತದೆ. ಅದು ಕೆಟ್ಟರೆ ಟ್ಯಾಂಕು ತುಂಬಿ ತಾರಸಿಯೆಲ್ಲ ಹರಿದರೂ ಪಂಪು ಓಡುತ್ತಲೇ ಇರುತ್ತದೆ. ಪಂಪಿಗೆ ಬೈದು ಪ್ರಯೋಜನವಿಲ್ಲ. ಕೈ ತೊಳೆದಾಗ, ಬಾಗಿಲಿಗೆ ಚಿಲಕ ಹಾಕಿದಾಗ ನಮ್ಮ ಮಿದುಳಿನಲ್ಲೂ "ಆಯಿತು, ಸಾಕು" ಎಂಬ ಭಾವ ಮೂಡುತ್ತದೆ. ಮಿದುಳಿನ ಮುಂಭಾಗಕ್ಕೂ ಒಳಗಿನ ಆಳದ ಕೆಲವು ಗಂಟುಗಳಿಗೂ ನಡುವೆ ಸುತ್ತುವ ಜಾಲದಲ್ಲಿ ತೊಡಕಾದಾಗ ಆ "ಸಾಕು" ಸರಿಯಾಗಿ ಬರುವುದಿಲ್ಲ ಎನ್ನುತ್ತದೆ ವಿಜ್ಞಾನ. ಕೈ ಶುಭ್ರವಾಗಿರುವುದನ್ನು ಕಣ್ಣು ನೋಡುತ್ತದೆ, ಬುದ್ಧಿ ಒಪ್ಪುತ್ತದೆ, "ಸಾಕು" ಎಂಬುದು ಮಾತ್ರ ಬರುವುದಿಲ್ಲ.

ನಾನೂ ಸೇವೆಯಲ್ಲಿದ್ದಾಗ ಪರೀಕ್ಷೆ ಮಾಡುವ ಮನುಷ್ಯನೇ. ಜುಲೈ ತಿಂಗಳ ಮಳೆಯಲ್ಲಿ ಕಟ್ಟುತ್ತಿದ್ದ ಮೋರಿಯ ಮುಂದೆ ತಡೆಗಟ್ಟೆ ಇಟ್ಟಿದ್ದಾರೋ ಇಲ್ಲವೋ ಎಂದು ಅಳುಕಿ ನಡುರಾತ್ರಿ ಜೀಪು ಹತ್ತಿದ ದಿನಗಳಿವೆ. ಒಮ್ಮೆ ಹೋಗಿ ನೋಡಿದರೆ ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆ. ಗೀಳಿನವನಿಗೆ ಆ ನಿದ್ದೆ ಬರುವುದಿಲ್ಲ. ಮನೆಗೆ ತಲುಪುವಷ್ಟರಲ್ಲಿ "ಸರಿಯಾಗಿ ನೋಡಿದೆನೋ ಇಲ್ಲವೋ" ಎಂಬುದು ಮತ್ತೆ ಎದ್ದಿರುತ್ತದೆ.

ಇದು ಇಂದಿನ ಕಾಲದ ರೋಗವೂ ಅಲ್ಲ, ಒಂದು ಮತದ ರೋಗವೂ ಅಲ್ಲ. ಫ್ರಾನ್ಸಿನ ವೈದ್ಯ ಎಸ್ಕಿರೋಲ್ 1838ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವ್ಯಾಪಾರಿ ಮನೆತನದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆದಿದ್ದಾನೆ. ಬೇರೆಯವರ ಮನೆಗೆ ಹೋದಾಗ ಅಲ್ಲಿನ ವಸ್ತು ತನ್ನ ಉಡುಪಿನಲ್ಲಿ ಬಂದುಬಿಟ್ಟೀತು, ಲೆಕ್ಕದಲ್ಲಿ ಯಾರಿಗೋ ಮೋಸವಾದೀತು ಎಂಬ ಭಯ ಅವಳಿಗೆ. ಕೈ ಉಜ್ಜುವುದು, ಬಟ್ಟೆ ಕೊಡವುವುದು ಮುಗಿಯುತ್ತಲೇ ಇರಲಿಲ್ಲ. ತನ್ನ ಭಯ ಅಸಂಬದ್ಧವೆಂದು ಅವಳಿಗೆ ತಿಳಿದಿತ್ತು, ಆದರೂ ಬಿಡಲಾಗುತ್ತಿರಲಿಲ್ಲ ಎಂದು ಅವನು ಬರೆದಿದ್ದಾನೆ. ಅದನ್ನು ತಿಳಿದಾಗ ನನಗೆ ತಂಗಿಯ ಮಾತೇ ಕಿವಿಯಲ್ಲಿ ಕೇಳಿಸಿತು. ಕ್ರೈಸ್ತರ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಕೂಡ 1522ರ ಸುಮಾರಿಗೆ, ಒಪ್ಪಿಕೊಂಡ ಪಾಪಗಳನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳುತ್ತ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದವರು. ಬಂಗಾಳಿ ಭಾಷೆಯಲ್ಲಿ ಮಡಿಯ ಗೀಳಿಗೆ "ಶುಚಿಬಾಯಿ" ಎಂಬ ಮಾತೇ ಇದೆ. ರೋಗಕ್ಕೆ ಸ್ವಂತ ಬಟ್ಟೆ ಇಲ್ಲ. ಆಯಾ ಮನೆಯಲ್ಲಿ ಯಾವುದು ಪವಿತ್ರವೋ, ಯಾವುದು ಭಯವೋ ಅದನ್ನೇ ಉಟ್ಟುಕೊಂಡು ಬರುತ್ತದೆ. ನನ್ನ ತಂಗಿಯಲ್ಲಿ ಅದು ಮೈಲಿಗೆಯ ವೇಷದಲ್ಲಿ ಬಂತು. ನಾನು ವೇಷದೊಡನೆ ವಾದಕ್ಕಿಳಿದೆ.

ಹಾಗಾದರೆ ಪಂಚಸೂತಕದ ನಿರಾಕರಣೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಅದು ರೋಗವನ್ನು ತಡೆಯಲಾರದು, ಆದರೆ ರೋಗ ಅಡಗಿ ಕೂರುವ ಜಾಗವನ್ನು ಕಿತ್ತುಹಾಕುತ್ತದೆ. ಮಡಿಗೆ ಮರ್ಯಾದೆ ಇರುವ ಕಡೆ ದಿನಕ್ಕೆ ಆರು ಸಲ ಸ್ನಾನ ಮಾಡುವವಳನ್ನು "ಆಚಾರವಂತೆ" ಎಂದು ಹೊಗಳುತ್ತಾರೆ, ಮೂವತ್ತು ವರ್ಷವಾದರೂ ರೋಗ ಹೊರಬೀಳುವುದಿಲ್ಲ. ಮಡಿಗೆ ಮರ್ಯಾದೆ ಇಲ್ಲದ ಮನೆಯಲ್ಲಿ ಅದು ಬೇಗ ಕಣ್ಣಿಗೆ ಬೀಳಬೇಕು. ನಮ್ಮ ಮನೆಯಲ್ಲಿ ಕಣ್ಣಿಗೆ ಬಿತ್ತು. ಆದರೆ ನಾನು ಅದಕ್ಕೆ ಮೌಢ್ಯವೆಂದು ಹೆಸರಿಟ್ಟು ಎರಡು ವರ್ಷ ಹಾಳು ಮಾಡಿದೆ.

ಎಲ್ಲ ಹುಚ್ಚೂ ಒಂದೇ ಅಲ್ಲ

ಮಾತಿನಲ್ಲಿ ನಾವು "ಹುಚ್ಚು" ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುತ್ತೇವೆ. ಮಡಿಹುಚ್ಚು, ಜೂಜಿನ ಹುಚ್ಚು, ಮೊಬೈಲ್ ಹುಚ್ಚು. ಇವುಗಳ ಒಳಗಿನ ಕೆಲಸ ಬೇರೆ ಬೇರೆ, ಚಿಕಿತ್ಸೆಯೂ ಬೇರೆ.

ಮೊದಲನೆಯದು ಮೇಲೆ ಹೇಳಿದ ಗೀಳು. ತೊಳೆಯುವುದು, ಚಿಲಕ ಮತ್ತು ಗ್ಯಾಸ್ ಮತ್ತೆ ಮತ್ತೆ ನೋಡುವುದು, ಎಣಿಸುವುದು, ಸಾಲಾಗಿ ಜೋಡಿಸುವುದು, ಬೇಡದ ಯೋಚನೆಗಳನ್ನು ಮನಸ್ಸಿನೊಳಗೇ ಪ್ರಾರ್ಥನೆಯಿಂದ ಅಳಿಸುವುದು ಇದರ ರೂಪಗಳು. ಇದರ ಹತ್ತಿರದ ಬಂಧುಗಳೂ ಇವೆ. ತಲೆಕೂದಲನ್ನು ತಾವೇ ಕಿತ್ತುಕೊಳ್ಳುವ ಗೀಳಿಗೆ ಫ್ರಾನ್ಸಿನ ಚರ್ಮವೈದ್ಯ ಹಲೊಪೊ 1889ರಲ್ಲೇ ಹೆಸರಿಟ್ಟ. ಏನನ್ನೂ ಎಸೆಯಲಾಗದೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕೂಡಿಡುವುದೂ ಒಂದು ರೋಗವೆಂದು 2013ರಿಂದ ಪ್ರತ್ಯೇಕವಾಗಿ ಗುರುತಿಸಲಾಗಿದೆ. ನನ್ನ ಅಟ್ಟದಲ್ಲಿ ಹಳೆಯ ನೀಲಿನಕ್ಷೆಗಳ ಕಟ್ಟುಗಳಿವೆ. ಅದು ರೋಗವೋ ಎಂದು ಹೆಂಡತಿ ವೈದ್ಯರನ್ನು ಕೇಳಿಯೇಬಿಟ್ಟಳು. ನಡೆದಾಡಲು ಜಾಗವಿರುವವರೆಗೆ ಅಲ್ಲ ಎಂದರು. ಅಲ್ಲಿಗೆ ಬದುಕಿದೆ.

ಎರಡನೆಯದು ತುಡಿತ ತಡೆಯಲಾಗದ ಸ್ಥಿತಿ. ಇಲ್ಲಿ ಕೆಟ್ಟಿರುವುದು ಬ್ರೇಕು. ಗೀಳಿನವನು ಭಯ ತಗ್ಗಿಸಲು ಕೈ ತೊಳೆಯುತ್ತಾನೆ, ಅದರಲ್ಲಿ ಅವನಿಗೆ ಸುಖವಿಲ್ಲ. ಇಲ್ಲಿ ಹಾಗಲ್ಲ. ಏರುವ ಒತ್ತಡ, ಮಾಡಿದ ಕ್ಷಣದ ರೋಮಾಂಚನ, ಆಮೇಲೆ ಪಶ್ಚಾತ್ತಾಪ. ಹಣದ ಅಗತ್ಯವಿಲ್ಲದೆಯೂ ಅಂಗಡಿಯಿಂದ ಸಣ್ಣಪುಟ್ಟ ವಸ್ತು ಕದಿಯುವ ಗೀಳು, ಬೆಂಕಿ ಹಚ್ಚುವ ಗೀಳು ಈ ಗುಂಪಿಗೆ ಸೇರುತ್ತವೆ. ಇವೆರಡೂ ಬಹಳ ಅಪರೂಪ. ಕಳ್ಳರೆಲ್ಲ ರೋಗಿಗಳು ಎಂದು ಯಾರೂ ಭಾವಿಸಬೇಕಿಲ್ಲ.

ಅಪರೂಪವಲ್ಲದ್ದು ಜೂಜು. ನಮ್ಮ ಕಡೆ ಮಟ್ಕಾ, ಇಸ್ಪೀಟು, ಕೋಳಿ ಅಂಕ ಹಳೆಯವು. ಈಗ ಅವೆಲ್ಲ ಜೇಬಿನ ಫೋನಿಗೆ ಬಂದಿವೆ. ಬ್ರಹ್ಮಾವರದ ಕಡೆಯ ನನ್ನ ಪರಿಚಯದ ಯುವಕನೊಬ್ಬ, ಒಳ್ಳೆಯ ಕೆಲಸದಲ್ಲಿದ್ದವನು, ಆನ್‌ಲೈನ್ ರಮ್ಮಿಯಲ್ಲಿ ಕಳೆದದ್ದನ್ನು ಗೆಲ್ಲುತ್ತೇನೆಂದು ತಾಯಿಯ ಬಳೆ ಅಡವಿಟ್ಟ. ಕಳೆದದ್ದರ ಬೆನ್ನು ಹತ್ತುವುದೇ ಈ ರೋಗದ ಮುಖ್ಯ ಗುರುತು. 2013ರ ವರ್ಗೀಕರಣದಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಮದ್ಯವ್ಯಸನದ ಜೊತೆಗೇ ಇಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಗೇಮಿಂಗ್ ವ್ಯಸನವೂ ಇದೆ. ನಮ್ಮ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಕಾಯ್ದೆ ಅಂಗಡಿ ಮುಚ್ಚಿಸಬಹುದು, ತುಡಿತಕ್ಕೆ ಚಿಕಿತ್ಸೆಯೇ ಬೇಕು.

ನನ್ನ ವಯಸ್ಸಿನವರಿಗೆ ಒಂದು ಎಚ್ಚರಿಕೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಕೆಲವು ಮಾತ್ರೆಗಳಿಂದ, ಜೀವನದಲ್ಲಿ ಲಾಟರಿ ಚೀಟಿಯನ್ನೂ ಮುಟ್ಟದವರಲ್ಲಿ ಜೂಜಿನ, ವಿಪರೀತ ಖರೀದಿಯ, ಕಾಮದ ತುಡಿತ ಏಳುವುದುಂಟು. ಮುದುಕನಿಗೆ ಬುದ್ಧಿ ಕೆಟ್ಟಿತೆಂದು ಮನೆಯವರು ನಗಬಾರದು. ಮಾತ್ರೆಯನ್ನು ತಾವೇ ನಿಲ್ಲಿಸಲೂಬಾರದು. ವೈದ್ಯರಿಗೆ ಹೇಳಿದರೆ ಅವರು ಔಷಧಿ ಬದಲಿಸುತ್ತಾರೆ.

ಮೂರನೆಯದು ಉನ್ಮಾದ. ವೈದ್ಯರು ಮೇನಿಯಾ ಎಂದು ಹೇಳುವುದು ಇದಕ್ಕೆ. ಡೀಸೆಲ್ ಎಂಜಿನಿನ ವೇಗ ಹಿಡಿತದಲ್ಲಿಡಲು ಗವರ್ನರ್ ಎಂಬ ಭಾಗವಿರುತ್ತದೆ. ಅದು ಕೆಟ್ಟರೆ ಎಂಜಿನ್ ತನ್ನ ವೇಗದಿಂದಲೇ ಒಡೆದುಹೋಗಬಹುದು. ನಮ್ಮ ಇಲಾಖೆಯಲ್ಲಿ ಬುದ್ಧಿವಂತ ಸಹೋದ್ಯೋಗಿಯೊಬ್ಬರಿದ್ದರು. ಒಂದು ಬೇಸಿಗೆಯಲ್ಲಿ ವಾರಗಟ್ಟಲೆ ನಿದ್ದೆ ಮಾಡದೆ, ಸೌಪರ್ಣಿಕಾದಿಂದ ವಾರಾಹಿಯವರೆಗಿನ ನದಿಗಳನ್ನೆಲ್ಲ ಜೋಡಿಸುವ ಯೋಜನೆ ಬರೆದರು. ನಡುರಾತ್ರಿ ಮೇಲಧಿಕಾರಿಗಳಿಗೆ ಫೋನು ಮಾಡಿದರು. ಸಾಲ ಮಾಡಿ ಎರಡು ಲಾರಿ ಕೊಂಡರು. ಸೊಕ್ಕು ಎಂದರು ಜನ. ಕೆಲವು ತಿಂಗಳ ನಂತರ ಅದೇ ಮನುಷ್ಯ ಹಾಸಿಗೆಯಿಂದ ಏಳಲಾರದೆ ಗೋಡೆಗೆ ಮುಖ ಮಾಡಿ ಮಲಗಿದರು. ಏರುವುದು ಮತ್ತು ಇಳಿಯುವುದು ಒಂದೇ ಕಾಯಿಲೆಯ ಎರಡು ಬದಿ. ಗೀಳಿನವನಿಗೆ ತನಗೇನೋ ಆಗಿದೆ ಎಂಬ ಅರಿವು ಸಾಮಾನ್ಯವಾಗಿ ಇರುತ್ತದೆ. ಉನ್ಮಾದದಲ್ಲಿರುವವನಿಗೆ ತಾನು ಎಂದಿಗಿಂತ ಚೆನ್ನಾಗಿದ್ದೇನೆ ಎನಿಸುತ್ತದೆ, ಆದ್ದರಿಂದ ಮನೆಯವರೇ ಎಚ್ಚೆತ್ತುಕೊಳ್ಳಬೇಕು. ಇದಕ್ಕೆ ಲಿಥಿಯಂ ಎಂಬ ಲವಣ ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ತೋರಿಸಿದರು. ಆಗಾಗ ರಕ್ತಪರೀಕ್ಷೆ ಮಾಡಿಸಿಕೊಂಡು ಅದನ್ನೇ ಇಂದಿಗೂ ಕೊಡುತ್ತಾರೆ. ನಮ್ಮ ಸಹೋದ್ಯೋಗಿ ಚಿಕಿತ್ಸೆ ಪಡೆದು ಗೌರವದಿಂದಲೇ ನಿವೃತ್ತರಾದರು.

ಮನುಷ್ಯ ಯಂತ್ರವಲ್ಲ, ನನಗೂ ಗೊತ್ತು. ಆದರೆ ಯಂತ್ರ ಕೆಟ್ಟಾಗ ನಾವು ಅದರ ಗುಣನಡತೆಯನ್ನು ನಿಂದಿಸುವುದಿಲ್ಲ, ಕೆಟ್ಟದ್ದೆಲ್ಲಿ ಎಂದು ನೋಡುತ್ತೇವೆ. ಆ ಮಟ್ಟಿನ ನ್ಯಾಯವನ್ನು ಮನುಷ್ಯನಿಗೂ ಕೊಡೋಣ.

ಸಮಾಧಾನವೂ ಒಂದು ತೊಳೆತ

ತಂಗಿಯ ಚಿಕಿತ್ಸೆ ಎರಡು ದಾರಿಯಲ್ಲಿ ನಡೆಯಿತು. ಒಂದು ಮಾತ್ರೆ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯಬಹುದು, ನಡುವೆ ಬಿಡಬೇಡಿ ಎಂದು ಮೊದಲೇ ಹೇಳಿದ್ದರು. ಇನ್ನೊಂದು, ಭಯವನ್ನು ಎದುರಿಸಿ ಕ್ರಿಯೆಯನ್ನು ತಡೆದು ನಿಲ್ಲುವ ತರಬೇತಿ. ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಇಬ್ಬರು ರೋಗಿಗಳ ಮೇಲೆ ನಡೆಸಿ ಪ್ರಕಟಿಸಿದ ಪದ್ಧತಿಯಿಂದ ಬೆಳೆದದ್ದು ಇದು. ಚಪ್ಪಲಿಯನ್ನು ಮುಟ್ಟಬೇಕು, ಹತ್ತು ನಿಮಿಷ ಕೈ ತೊಳೆಯಬಾರದು. ಮರುವಾರ ಅರ್ಧ ಗಂಟೆ. ಆಮೇಲೆ ಊಟದವರೆಗೆ. ಮೊದಲ ದಿನ ಅವಳು ಮೈಯೆಲ್ಲ ಬೆವರಿ ಕುರ್ಚಿಯ ಕೈ ಹಿಡಿದು ಕೂತಿದ್ದನ್ನು ನೋಡಲಾಗದೆ ನಾನು ಹೊರಗೆ ಹೋದೆ. ಒಳಗೆ ಬಂದಾಗ ಗಡಿಯಾರ ನೋಡುತ್ತ, "ಅಣ್ಣಾ, ತಳಮಳ ತಾನಾಗೇ ಇಳಿಯಾಕ ಹತ್ತೇತಿ" ಎಂದಳು. ತೊಳೆಯದೆಯೂ ತಳಮಳ ಇಳಿಯುತ್ತದೆ ಎಂಬುದನ್ನು ಉಪನ್ಯಾಸದಿಂದ ಕಲಿಸಲಾಗದು, ಅನುಭವದಿಂದಲೇ ಕಲಿಯಬೇಕು. ಅನುಭಾವಕ್ಕೆ ಇಷ್ಟು ಬೆಲೆ ಕೊಡುವ ಪರಂಪರೆಯವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ನನಗೂ ಒಂದು ಪಾಠವಿತ್ತು. ತಂಗಿ ದಿನಕ್ಕೆ ಮೂವತ್ತು ನಲವತ್ತು ಸಲ "ಅಣ್ಣಾ, ಇದು ಶುದ್ಧ ಐತಿ ಹೌದಲ್ಲ?" ಎಂದು ಕೇಳುತ್ತಿದ್ದಳು. ನಾನು ಕರುಣೆಯಿಂದ "ಹೌದವ್ವ, ಶುದ್ಧ ಐತಿ" ಎನ್ನುತ್ತಿದ್ದೆ. ವೈದ್ಯರು ನನ್ನ ಕಡೆ ತಿರುಗಿ, "ಸರ್, ನಿಮ್ಮ ಆ ಉತ್ತರವೂ ಅವರಿಗೆ ಒಂದು ತೊಳೆತವೇ" ಎಂದರು. ಸಮಾಧಾನ ಸಿಕ್ಕಷ್ಟೂ ಸಂದೇಹ ಬಲಿಯುತ್ತದೆ. ಅಂದಿನಿಂದ ಮನೆಯವರೆಲ್ಲ ಒಪ್ಪಿ, "ಇದು ಗೀಳು ಕೇಳ್ತಿರೋ ಪ್ರಶ್ನೆ, ಉತ್ತರ ಕೊಡೋದಿಲ್ಲವ್ವ" ಎಂದು ಮೆಲ್ಲಗೆ ಹೇಳತೊಡಗಿದೆವು. ಬೈಯುವುದಕ್ಕಿಂತ ಇದು ಕಷ್ಟ.

ಪೂಜೆಯಲ್ಲಿ ಏಳುವ ಹೊಲಸು ಯೋಚನೆಗಳ ವಿಷಯದಲ್ಲಿ ಅವಳಿಗೆ ಧೈರ್ಯ ಕೊಟ್ಟದ್ದು ಒಂದು ಹಳೆಯ ಅಧ್ಯಯನ. ಸ್ಟ್ಯಾನ್ಲಿ ರಾಕ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದಂತೆ, ಯಾವ ರೋಗವೂ ಇಲ್ಲದ ಬಹುಪಾಲು ಜನರಿಗೂ ಇಂಥ ಅಸಹ್ಯ, ಅನಿಷ್ಟ ಯೋಚನೆಗಳು ಬಂದುಹೋಗುತ್ತವೆ. ಉಳಿದವರು ಅವನ್ನು ಕಸವೆಂದು ಬಿಟ್ಟು ಮುಂದೆ ನಡೆಯುತ್ತಾರೆ, ಗೀಳಿನವರು ಅವಕ್ಕೆ ಬೆಚ್ಚಿ ಹೋರಾಡುತ್ತಾರೆ. ಲಿಂಗದ ಮೇಲೆ ಅತಿಯಾದ ಪ್ರೀತಿ ಇದ್ದುದರಿಂದಲೇ ರೋಗ ಆ ಜಾಗವನ್ನು ಆರಿಸಿಕೊಂಡಿತ್ತು. ಬೆಳಗಿನ ಹೊತ್ತು ಅವಳೀಗ ಇಪ್ಪತ್ತು ನಿಮಿಷದಲ್ಲಿ ಪೂಜೆ ಮುಗಿಸುತ್ತಾಳೆ. ಒಂದು ಅಕ್ಷರ ತಪ್ಪಿದರೂ ಮತ್ತೆ ಆರಂಭಿಸುವುದಿಲ್ಲ. ಪೂರ್ತಿ ವಾಸಿಯಾಗಿದೆ ಎನ್ನಲಾರೆ, ಮಳೆಗಾಲದಲ್ಲಿ ಸ್ವಲ್ಪ ಹೆಚ್ಚಾಗುತ್ತದೆ. ಆಗ ವೈದ್ಯರನ್ನು ಕಾಣುತ್ತಾಳೆ.

ಮಠಗಳು ಏನು ಮಾಡಬಹುದು?

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ಚಿಕಿತ್ಸೆ ಸಿಗದವರ ಪ್ರಮಾಣ ನೂರಕ್ಕೆ 70ರಿಂದ 92. ಇದು ವೈದ್ಯರ ಕೊರತೆ ಮಾತ್ರವಲ್ಲ, ಬಾಗಿಲು ತೋರಿಸುವವರ ಕೊರತೆ. ಮನೆಯಲ್ಲಿ ತೊಂದರೆಯಾದಾಗ ನಮ್ಮವರು ಆಸ್ಪತ್ರೆಗಿಂತ ಮೊದಲು ಹೋಗುವುದು ಮಠಕ್ಕೆ. ಆದ್ದರಿಂದ ಕೆಲವು ಬಿನ್ನಹಗಳು.

ಪೂಜೆ ಸರಿಯಾಯಿತೋ ಇಲ್ಲವೋ, ನನ್ನಿಂದ ಪಾಪವಾಯಿತೋ ಎಂದು ಒಬ್ಬ ಭಕ್ತ ಮತ್ತೆ ಮತ್ತೆ ಬಂದು ಕೇಳುತ್ತಿದ್ದರೆ ಪೂಜ್ಯರು ಅದನ್ನು ಭಕ್ತಿಯ ಹೆಚ್ಚಳವೆಂದು ತಿಳಿಯದೆ, ಒಮ್ಮೆ ಸ್ಪಷ್ಟವಾಗಿ ಉತ್ತರಿಸಿ, ಮನೋವೈದ್ಯರ ಬಳಿ ಕಳಿಸಬೇಕು. "ಗುರುಗಳೇ ಹೋಗು ಅಂದರು" ಎಂಬ ಒಂದು ಮಾತಿನಿಂದ ಮನೆಯವರ ನಾಚಿಕೆಯ ಅರ್ಧ ಕಳೆಯುತ್ತದೆ. ಹೆಚ್ಚು ಜಪ, ಹೆಚ್ಚು ವ್ರತ ವಿಧಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ.

ತಿಂಗಳ ಶಿವಾನುಭವ ಗೋಷ್ಠಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಮನೋವೈದ್ಯರೊಬ್ಬರನ್ನು ಕರೆಸಬೇಕು. ಮಠಗಳು ನಡೆಸುವ ಪ್ರಸಾದ ನಿಲಯಗಳ ಮೇಲ್ವಿಚಾರಕರಿಗೆ ಈ ಕಾಯಿಲೆಗಳ ಪರಿಚಯವಿರಬೇಕು. ಗೀಳು ಬಹಳ ಮಂದಿಯಲ್ಲಿ ಹದಿಹರೆಯದ ಆಸುಪಾಸಿನಲ್ಲೇ ಶುರುವಾಗುತ್ತದೆ. ಬಚ್ಚಲಲ್ಲಿ ಗಂಟೆಗಟ್ಟಲೆ ಕಳೆಯುವ, ಒಂದೇ ಸಾಲನ್ನು ಹತ್ತು ಸಲ ಬರೆದು ಅಳಿಸುವ ಹುಡುಗನನ್ನು ಸೋಮಾರಿ ಎಂದು ಶಿಕ್ಷಿಸುವ ಮೊದಲು ಒಮ್ಮೆ ಕೂರಿಸಿ ಕೇಳಬೇಕು.

ಮದುವೆಯಾದರೆ ಸರಿಹೋಗುತ್ತದೆ ಎಂಬ ಸಲಹೆಯನ್ನು ಯಾರೂ ಕೊಡಬಾರದು. ಸರಿಹೋಗುವುದಿಲ್ಲ, ಇನ್ನೊಂದು ಮನೆಯೂ ನೋಯುತ್ತದೆ.

ದಾರಿ ದೂರವೇನಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ, ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಲ್ಲೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ, ಆ ದಿನವನ್ನು ಮಠದ ಫಲಕದಲ್ಲಿ ಬರೆಸಬಹುದು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದವರು ಬೆಳಗಾಗುವವರೆಗೆ ಕಾಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆರೋಗ್ಯ ವಿಮೆಯು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ಅನ್ವಯಿಸಬೇಕು. ಇದೂ ತಿಳಿದಿರಲಿ.

ಮೌಢ್ಯದ ವಿರುದ್ಧದ ನಮ್ಮ ಹೋರಾಟ ನಿಲ್ಲಬಾರದು. ಆದರೆ ಎದುರಿಗಿರುವವನು ನಂಬಿ ಮಾಡುತ್ತಿದ್ದಾನೋ, ನಂಬದೆಯೂ ಬಿಡಲಾಗದೆ ಮಾಡುತ್ತಿದ್ದಾನೋ ಎಂದು ಒಂದು ಪ್ರಶ್ನೆ ಕೇಳಿ ಮುಂದುವರಿಯೋಣ. ನಂಬಿ ಮಾಡುವವನಿಗೆ ಅರಿವು ಕೊಡೋಣ. ಬಿಡಲಾಗದವನನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯೋಣ. ನಾನು ತಂಗಿಗೆ ಆ ಪ್ರಶ್ನೆ ಕೇಳಲಿಲ್ಲ. ಅವಳೇ ಉತ್ತರ ಹೇಳಿದಾಗಲೂ ನನ್ನ ಕಿವಿಗೆ ಬೀಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ "ಗೊತ್ತಿದ್ದೂ ಬಿಡಾಕ ಆಗ್ತಿಲ್ಲ" ಎಂದರೆ, ದಯವಿಟ್ಟು ಆ ದಿನವೇ ಕಿವಿಗೊಡಿ.